ಬೀಗದಕೈ

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂಬ ಅಪ್ಪಣೆ ಬಂದಾಗ ನಮ್ಮ ನೆನಪಿಗೆ ಮೊದಲು ಬಂದುದು ಬೋರ್ಡಿಂಗಿನ ಉಗ್ರಾಣದ ಬೀಗದಕೈ. ವಾರಕ್ಕೊಬ್ಬ ಹುಡುಗಿಯ ಕೈಗೆ ಅದು ಬರುತ್ತಿತ್ತು. ಅಕ್ಕಿಬೇಳೆ ಅಳೆದುಕೊಡುವುದು, ಲೆಕ್ಕ ಬರೆದಿಡುವುದು, ಕಡಿಮೆ ಬೀಳುವಂತಿದ್ದರೆ ಮೊದಲೇ ತಿಳಿಸುವುದು, ಇವೆಲ್ಲ ಆ ವಾರ ಆಕೆಯ ಹೊಣೆ. ಹದಿಮೂರು ವರ್ಷದವರಾದ ನಮ್ಮನ್ನು ನಂಬಿ ಬೀಗದಕೈ ಕೊಟ್ಟ ಮೇಲ್ವಿಚಾರಕಿಯಮ್ಮನವರ ವಿವೇಕವು ಅಂದು ನಮಗೆ ತಿಳಿಯಲಿಲ್ಲ. ತಿಳಿದುದು ಬಹು ತಡವಾಗಿ, ಅದೂ ಪರರ ನೋವಿನಿಂದ.

ದಾದಿಯ ವೃತ್ತಿಯನ್ನು ಹಿಡಿದ ನಾವು ಕಾಲಕ್ರಮದಲ್ಲಿ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸಾಲಯಕ್ಕೆ ಮುಖ್ಯಸ್ಥೆಯಾದೆವು. ಕಪಾಟುಗಳ ಬೀಗದಕೈಗಳೆಲ್ಲ ನಮ್ಮ ಕಿಸೆಯಲ್ಲಿ. ಯಾವ ವಿಷಯದಲ್ಲಿಯೂ ಕೊನೆಯ ಮಾತು ನಮ್ಮದೇ. ಕಿರಿಯರು ಎದುರು ನುಡಿಯದಿರುವುದನ್ನೇ ಶಿಸ್ತೆಂದು ಭಾವಿಸಿದ್ದೆವು.

ಒಂದು ದಿನ ಇಬ್ಬರು ಮಕ್ಕಳ ತಾಯಿಯೊಬ್ಬಳ ಹೊಟ್ಟೆಯ ಶಸ್ತ್ರಕ್ರಿಯೆಯು ಮುಗಿಯುತ್ತ ಬಂದಿತ್ತು. ರಕ್ತ ಒರೆಸುವ ಮಾಪ್ ಬಟ್ಟೆಗಳನ್ನು ಆರಂಭದಲ್ಲೊಮ್ಮೆ, ಹೊಲಿಗೆ ಹಾಕುವ ಮೊದಲೊಮ್ಮೆ ಎಣಿಸತಕ್ಕದ್ದು ನಿಯಮ. ನಾವು ಎಣಿಸಿ, "ಸರಿಯಾಗಿದೆ" ಎಂದೆವು, ವೈದ್ಯರು ಹೊಲಿದರು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಎಣಿಕೆಗೆ ಒಂದು ಕಡಿಮೆಯಾಗಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಮೂರನೆಯ ದಿನ ರೋಗಿಗೆ ಜ್ವರವೂ ನೋವೂ ಹೆಚ್ಚಿದುವು. ಎಕ್ಸ್‌ರೇ ತೆಗೆದಾಗ ಬಟ್ಟೆಯೊಳಗಿನ ಗುರುತಿನ ಎಳೆಯು ಬೆಳ್ಳಗೆ ಕಂಡಿತು. ಹೊಟ್ಟೆಯನ್ನು ಪುನಃ ತೆರೆಯಬೇಕಾಯಿತು. ಪ್ರಾಣವೇನೋ ಉಳಿಯಿತು, ಆದರೆ ಆ ತಾಯಿ ಇನ್ನೂ ಮೂರು ವಾರ ಮಕ್ಕಳನ್ನು ಬಿಟ್ಟು ಮಲಗಿದಳು.

ಹುಡುಗಿಯನ್ನು ಕರೆದು, "ಆಗಲೇ ಹೇಳಬಾರದಿತ್ತೇನಮ್ಮ?" ಎಂದು ಗದರಿಸಿದೆವು. ಅವಳು ತಲೆತಗ್ಗಿಸಿ, "ನೀವೇ ಸರಿಯೆಂದ ಮೇಲೆ ನಾನು ಅಲ್ಲವೆನ್ನುವುದು ಹೇಗೆ, ಸಿಸ್ಟರ್?" ಎಂದಳು. ಎಣಿಕೆ ತಪ್ಪಿದುದು ಒಂದು ದಿನದ ತಪ್ಪು. ಅವಳ ಬಾಯಿ ಕಟ್ಟಿದುದು ನಮ್ಮ ಹಲವು ವರ್ಷಗಳ ತಪ್ಪು. ರೋಗಿಯ ಮನೆಯವರ ಮುಂದೆ ನಿಂತು ದೋಷವು ನಮ್ಮದೆಂದು ಒಪ್ಪಿಕೊಂಡೆವು.

ಲೋಕದ ಹಿರಿಯ ವೈದ್ಯರೂ ಈ ವಿಷಯವನ್ನು ಆಲೋಚಿಸಿರುವರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಕ್ರಿಯೆಗಾಗಿ 19 ಅಂಶಗಳ ಒಂದು ಪಟ್ಟಿಯನ್ನು ಹೊರಡಿಸಿತು. ಅದರಂತೆ, ಕೊಯ್ಯುವ ಮುನ್ನ ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕು. ರೋಗಿಯನ್ನು ಹೊರಗೆ ಸಾಗಿಸುವ ಮುನ್ನ ಎಣಿಕೆ ಸರಿಯಿದೆಯೆಂದು ದಾದಿಯು ಬಾಯ್ದೆರೆದು ನುಡಿಯಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮರಣಗಳು ನೂರಕ್ಕೆ 1.5ರಿಂದ 0.8ಕ್ಕೂ ತೊಡಕುಗಳು ನೂರಕ್ಕೆ 11ರಿಂದ 7ಕ್ಕೂ ಇಳಿದುವು. ಆದರೆ 2014ರಲ್ಲಿ ಕೆನಡಾದ ಒಂಟೇರಿಯೋ ಪ್ರಾಂತದ 101 ಆಸ್ಪತ್ರೆಗಳ ಲೆಕ್ಕ ನೋಡಿದಾಗ ಅಂಥ ಗಣನೀಯವಾದ ಇಳಿತವು ಕಾಣಲಿಲ್ಲ. ಕಾಗದದ ಮೇಲೆ ಗುರುತು ಹಾಕಿದ ಮಾತ್ರಕ್ಕೆ ಕಿರಿಯಳ ನಾಲಗೆಗೆ ಧೈರ್ಯ ಬಾರದೆಂದು ನಮ್ಮ ಅನುಭವವು ಹೇಳುತ್ತದೆ.

ನಾವು ಮಾಡಿದುದಿಷ್ಟೆ. ಇಬ್ಬರು ಗಟ್ಟಿಯಾಗಿ ಎಣಿಸಬೇಕು, ಎಣಿಕೆಯನ್ನು ಹಲಗೆಯ ಮೇಲೆ ಬರೆಯಬೇಕು, ಸಂದೇಹ ಬಂದ ಯಾರೇ ಆಗಲಿ "ನಿಲ್ಲಿಸಿ" ಎನ್ನಬಹುದು ಎಂದು ವೈದ್ಯರನ್ನೂ ಒಪ್ಪಿಸಿ ಗೊತ್ತುಮಾಡಿದೆವು. ಕೆಲವು ದಿನಗಳ ಮೇಲೆ ಅದೇ ಹುಡುಗಿ ನಡುಗುವ ದನಿಯಲ್ಲಿ "ನಿಲ್ಲಿಸಿ" ಎಂದಳು. ಹತ್ತು ನಿಮಿಷ ಹುಡುಕಿದೆವು. ಬಟ್ಟೆಗಳೆಲ್ಲ ಸರಿಯಾಗಿಯೇ ಇದ್ದುವು, ತಪ್ಪಿದವಳು ಅವಳೇ. ವೈದ್ಯರ ಹುಬ್ಬು ಗಂಟಾಯಿತು, ಹುಡುಗಿಯ ಕಣ್ಣು ತುಂಬಿತು. ನಾವು ಎಲ್ಲರ ಮುಂದೆ ಅವಳಿಗೆ ಉಪಕಾರ ಹೇಳಿದೆವು. ಅಂದು ಗದರಿಸಿದ್ದರೆ ಮುಂದೆಂದೂ ಅಲ್ಲಿ ಯಾರೂ ಆ ಮಾತನ್ನು ಆಡುತ್ತಿರಲಿಲ್ಲ.

ಹೊಣೆಯನ್ನು ಹಂಚುವುದೆಂದರೆ ಕೈತೊಳೆದುಕೊಳ್ಳುವುದೆಂದು ಅರ್ಥವಲ್ಲ. ಬೋರ್ಡಿಂಗಿನ ಅಮ್ಮನವರು ಬೀಗದಕೈ ಕೊಟ್ಟರೂ ಶನಿವಾರ ಲೆಕ್ಕವನ್ನು ನೋಡದೆ ಬಿಡುತ್ತಿರಲಿಲ್ಲ. ಸಕ್ಕರೆ ಮುಗಿದು ದೂರು ಬಂದರೆ ಅದಕ್ಕೆ ಉತ್ತರ ಹೇಳುವವರೂ ಅವರೇ. ತಾನಿಲ್ಲದಾಗಲೂ ಕೆಲಸವು ಸಾಗುವಂತೆ ಏರ್ಪಡಿಸುವುದು ಮೇಲ್ವಿಚಾರಕಿಯ ಕರ್ತವ್ಯವೆಂದು ಫ್ಲಾರೆನ್ಸ್ ನೈಟಿಂಗೇಲಳು ಶುಶ್ರೂಷೆಯನ್ನು ಕುರಿತ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಬರೆದಿರುವಳು.

ಈ ಶಾಲೆಯ ಹೆಣ್ಣುಮಕ್ಕಳೇ, ನೀವೂ ನಾಳೆ ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಹತ್ತು ಜನಕ್ಕೆ ಮುಂದಾಳುಗಳಾಗುವಿರಿ. ಆಗ ನಿಮ್ಮ ಕೈಕೆಳಗಿನ ಅತಿ ಕಿರಿಯಳು ನಿಮ್ಮ ತಪ್ಪನ್ನು ನಿಮಗೆ ಹೇಳಬಲ್ಲಳೇ ಎಂದು ಆಗಾಗ ಕೇಳಿಕೊಳ್ಳಿರಿ. ನಾವು ಆ ಪ್ರಶ್ನೆಯನ್ನು ಕೇಳಿಕೊಳ್ಳಲು ತಡಮಾಡಿದೆವು.