ಕೂವೆಮರದ ಲೆಕ್ಕ

ಜಲಾಂತರ್ಗಾಮಿಯ ಆಟಗಳಲ್ಲಿ ಟಾರ್ಪೆಡೊ ತಾಗಿ ಹಡಗು ಹೊತ್ತಿ ಉರಿಯುವ ದೃಶ್ಯಕ್ಕಿಂತಲೂ, ಅದಕ್ಕೆ ಮುನ್ನ ಪೆರಿಸ್ಕೋಪಿಗೆ ಕಣ್ಣಿಟ್ಟು, ದಿಗಂತದಲ್ಲಿ ಹೊಗೆಯುಗುಳುತ್ತ ಸಾಗುವ ಅಪರಿಚಿತ ನೌಕೆಯೊಂದು ಎಷ್ಟು ದೂರದಲ್ಲಿದೆಯೆಂಬುದನ್ನು ಅದರ ಕೂವೆಮರದ ಎತ್ತರದಿಂದಲೇ ಗಣಿಸಿ ತಿಳಿಯುವ ವ್ಯಾಪಾರವು ನನಗೆ ಪರಮಪ್ರಿಯವಾದುದು.

2005ರಲ್ಲಿ ಬಂದ 'ಸೈಲೆಂಟ್ ಹಂಟರ್ 3' ನಮ್ಮನ್ನು ಎರಡನೆಯ ಮಹಾಯುದ್ಧದ ಜರ್ಮನ್ ಯು-ಬೋಟಿನ ನಾಯಕನನ್ನಾಗಿ ಮಾಡುತ್ತದೆ. ಹೊಗೆಕೊಳವೆ ಎಲ್ಲಿದೆ, ಕೂವೆಗಳೆಷ್ಟು ಎಂದು ಪರಿಚಯಪುಸ್ತಿಕೆಯ ಚಿತ್ರಗಳೊಡನೆ ಹೋಲಿಸಿ ನೌಕೆಯ ಜಾತಿಯನ್ನು ನಿರ್ಧರಿಸಿದೆವೆಂದರೆ ಕೂವೆಯ ಎತ್ತರವೂ ದೊರೆತಂತೆ. ಬಳಿಕ ಸ್ಟೇಡಿಮೀಟರಿನ ಸರದಿ. ಅಮೆರಿಕದ ನೌಕಾಧಿಕಾರಿ ಬ್ರಾಡ್ಲಿ ಫಿಸ್ಕ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಪಿಸಿದ ಉಪಕರಣದ ವಂಶಕ್ಕೆ ಸೇರಿದ ಇದು ಒಂದು ಹಡಗನ್ನು ಎರಡು ಬಿಂಬಗಳನ್ನಾಗಿಸುತ್ತದೆ. ಒಂದರ ನೀರಿನ ಗೆರೆಯು ಇನ್ನೊಂದರ ಕೂವೆಯ ತುದಿಯನ್ನು ಮುಟ್ಟುವವರೆಗೆ ಬಿಂಬವನ್ನು ಸರಿಸಿದರೆ ಕೋನ ಸಿದ್ಧಿಸುತ್ತದೆ. 30 ಮೀಟರ್ ಎತ್ತರದ ಕೂವೆ 1 ಡಿಗ್ರಿಯಷ್ಟು ಕಂಡಿತೆಂದರೆ ನೌಕೆ ಸುಮಾರು 1,720 ಮೀಟರ್ ದೂರದಲ್ಲಿದೆ.

ಸೊಗಸಿರುವುದು ಈ ಸೂತ್ರದಲ್ಲಲ್ಲ, ಅದು ಕೈಕೊಡುವ ಬಗೆಯಲ್ಲಿ. ಅದೇ ಹಡಗು 1,500 ಮೀಟರಿನಲ್ಲಿರುವಾಗ ಕೋನವನ್ನು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲಿನಷ್ಟು ಕಡಿಮೆ ಓದಿದರೆ ಎಪ್ಪತ್ತು ಮೀಟರಿನೊಳಗಿನ ವ್ಯತ್ಯಾಸ; 6,000 ಮೀಟರಿನಲ್ಲಾದರೋ ಅಷ್ಟೇ ತಪ್ಪು 1,250 ಮೀಟರಿಗೂ ಹೆಚ್ಚಿನ ಭ್ರಾಂತಿಯನ್ನು ಹುಟ್ಟಿಸುತ್ತದೆ. ಅಲೆಯೊಂದು ಎದ್ದು ನೀರಿನ ಗೆರೆಯನ್ನು ಮರೆಮಾಡುವ ಹೊತ್ತಿನಲ್ಲಂತೂ, ಪೆರಿಸ್ಕೋಪನ್ನು ಕಂಡುಬಿಟ್ಟಾರೆಂಬ ಅಂಜಿಕೆಯ ನಡುವೆಯೂ, ಇನ್ನೊಂದು ಕ್ಷಣ ಕಾದು ನೋಡುವ ಸಂಯಮ ಬೇಕು.

ವಿನೋದವೇನೆಂದರೆ, ಟಾರ್ಪೆಡೊ ಕೊಳವೆಯಿಂದ ಹೊರಟು ಎತ್ತಲೂ ತಿರುಗದೆ ನೇರವಾಗಿ ಓಡುವುದಾದರೆ, ಗುರಿಗೆ ಎಷ್ಟು ಮುಂದಾಗಿ ಹೊಡೆಯಬೇಕೆಂಬ ಕೋನವು ಎರಡರ ವೇಗದಿಂದಲೂ ನೌಕೆಯ ಪಥದಿಂದಲೂ ನಿರ್ಣಯವಾಗುತ್ತದೆ. ದೂರದ ಪ್ರಸಕ್ತಿಯೇ ಅಲ್ಲಿಲ್ಲ. ಹಾಗಾದರೆ ಇಷ್ಟೆಲ್ಲ ಪರಿಶ್ರಮವೇಕೆ? ಆ ವೇಗವನ್ನೂ ಪಥವನ್ನೂ ತಿಳಿಯುವುದಕ್ಕೆ ನಾನು ಹಿಡಿಯುವ ದಾರಿಯೂ ದೂರವೇ. ಎರಡು ಸಲ ದೂರವನ್ನೂ ದಿಕ್ಕನ್ನೂ ಅಳೆದು ನಕ್ಷೆಯ ಮೇಲೆ ಬಿಂದುಗಳನ್ನಿಟ್ಟು, 3 ನಿಮಿಷ 15 ಸೆಕೆಂಡುಗಳಲ್ಲಿ ನೌಕೆ ಸರಿದ ಪ್ರತಿ ನೂರು ಮೀಟರಿಗೂ ಒಂದೊಂದು ನಾಟ್ ಎಂದು ಎಣಿಸಿದರೆ ವೇಗವು ಕೈಗೆ ಬರುತ್ತದೆ; ಬಿಂದುಗಳನ್ನು ಕೂಡಿಸಿದ ಗೆರೆಯೇ ಪಥ.

ಈ ಆಟಕ್ಕೆ ಹೊಸದಾಗಿ ಕೂರುವವರಲ್ಲಿ ನನ್ನದೊಂದು ಬಿನ್ನಹವಿದೆ: ಗುರಿಯ ಲೆಕ್ಕವನ್ನೆಲ್ಲ ಶಸ್ತ್ರಾಧಿಕಾರಿಯೇ ಮಾಡಿಕೊಡುವ ಸೌಕರ್ಯವನ್ನು ಮೊದಲ ದಿನವೇ ತೆಗೆದುಹಾಕಿರಿ.