ಹಂಪಿಯ ಬಂಡೆಗಳ ನಡುವೆ, ಅಮ್ಮನ ವೇಗದಲ್ಲಿ

ಮನೆಮಂದಿಯೆಲ್ಲ ಸೇರಿ ಬೆಟ್ಟ-ಗುಡ್ಡ ನೋಡಲು ಹೊರಟರೆ ಒಂದು ಮಾತು ಗ್ಯಾರಂಟಿ ಕೇಳಿಸುತ್ತೆ: ‘ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ.’ ನಮ್ಮನೆಯಲ್ಲಿ ಆ ಮಾತು ಅಮ್ಮನದು. ಮೊಣಕಾಲು ನೋವು ಶುರುವಾದ ಮೇಲೆ ಪ್ರತಿ ಟ್ರಿಪ್ಪಿನಲ್ಲೂ ಅಮ್ಮ ಮೆಟ್ಟಿಲ ಬುಡದಲ್ಲಿ ಬ್ಯಾಗು ಕಾಯ್ತಾ ಕೂರುವುದು, ನಾವು ಮೇಲಿನಿಂದ ಫೋಟೊ ತಂದು ತೋರಿಸುವುದು ರೂಢಿಯೇ ಆಗಿಬಿಟ್ಟಿತ್ತು. ಹಾಗಾಗಿ ಹಂಪಿಗೆ ಪ್ಲ್ಯಾನ್ ಮಾಡುವಾಗ ನಾನು ಹಾಕಿಕೊಂಡಿದ್ದು ಒಂದೇ ಷರತ್ತು: ಎಲ್ಲರಿಗಿಂತ ನಿಧಾನ ನಡೆಯುವವರ ಲೆಕ್ಕದಲ್ಲಿ ದಾರಿ ಆರಿಸಬೇಕು. ಹೊರಟವರು ಅಪ್ಪ, ಅಮ್ಮ, ಅಕ್ಕ-ಭಾವ, ಅವರ ಆರು ವರ್ಷದ ಮಗಳು ಮತ್ತು ನಾನು.

ಹಂಪಿಯೇ ಯಾಕೆ? ಬೇರೆ ಕಡೆ ನೋಡುವಂಥದ್ದು ಬೆಟ್ಟದ ತುದಿಯಲ್ಲಿರುತ್ತೆ. ಹಂಪಿಯಲ್ಲಿ ನೋಡಬೇಕಾದ ಬಂಡೆಗಳು ದಾರಿಯ ಪಕ್ಕದಲ್ಲೇ ಇವೆ. ನೂರು ಹೆಜ್ಜೆ ನಡೆದು ಕೂತರೂ ಕಣ್ಣಿಗೆ ಏನೋ ಒಂದು ಸಿಗುತ್ತೆ.

ಒಂದರ ಮೇಲೊಂದು ಜೋಡಿಸಿಟ್ಟ ಹಾಗಿರುವ ಈ ಕಲ್ಲುಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಡಿಯಲ್ಲಿದ್ದಾಗಲೇ ಕಲ್ಲಿನಲ್ಲಿ ಅಡ್ಡ-ಉದ್ದ ಬಿರುಕುಗಳು ಮೂಡಿದವು. ಆ ಬಿರುಕುಗಳಿಗೆ ನೀರು ಇಳಿಯಿತು. ಮೂಲೆಗಳನ್ನು ನೀರು ಎರಡು-ಮೂರು ಕಡೆಯಿಂದ ತಿನ್ನುವುದರಿಂದ ಅವೇ ಮೊದಲು ಕೊಳೆತು ಪುಡಿಯಾದವು. ಚೌಕವಾಗಿದ್ದ ಕಲ್ಲು ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಪದರ ಪದರವಾಗಿ ಕಳಚುತ್ತಾ ಗುಂಡಗಾಯಿತು. ಸುತ್ತಲಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದಾಗ ಉಂಡೆಗಳು ಇದ್ದ ಜಾಗದಲ್ಲೇ ಉಳಿದವು. ಇದನ್ನೆಲ್ಲ ನಾನು ವಿವರಿಸುತ್ತಿದ್ದರೆ ಅಪ್ಪ ಪುಟ್ಟಿಗೆ ಬೇರೆ ಕತೆ ಹೇಳ್ತಿದ್ರು. ಇದು ಕಿಷ್ಕಿಂಧೆ, ವಾಲಿ-ಸುಗ್ರೀವರು ಜಗಳದಲ್ಲಿ ಒಬ್ಬರ ಮೇಲೊಬ್ಬರು ಎಸೆದಾಡಿದ ಕಲ್ಲುಗಳಿವು ಅಂತ. ಅವಳಿಗೆ ಹಿಡಿಸಿದ್ದು ಅಪ್ಪನ ಕತೆಯೇ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ. ಬಿಸಿಲು ಏರಿದ ಮೇಲೆ ಬಂಡೆ ಕಾದ ಹೆಂಚಾಗುತ್ತೆ. ಹಾಗಾಗಿ ಶನಿವಾರ ಮಧ್ಯಾಹ್ನ ನಡಿಗೆ ಇಟ್ಟುಕೊಳ್ಳಲಿಲ್ಲ. ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ಇಡೀ ಹಂಪಿಯ ಮಾದರಿ ನೋಡಿದೆವು. ಗುಡ್ಡ, ಹೊಳೆ, ದೇವಸ್ಥಾನ ಎಲ್ಲೆಲ್ಲಿವೆ ಎಂದು ಮಕ್ಕಳಿಗೂ ತಿಳಿಯುತ್ತೆ.

ಸಂಜೆ ನಾಲ್ಕಕ್ಕೆ ಹೇಮಕೂಟ. ಸುಮಾರು ಎಂಟು ಅಡಿಯ ಸಾಸಿವೆಕಾಳು ಗಣೇಶನಿಂದ ಶುರು ಮಾಡಿ, ಗುಡ್ಡ ದಾಟಿ, ವಿರೂಪಾಕ್ಷ ದೇವಸ್ಥಾನದ ಕಡೆ ಇಳಿಯುವುದು. ಸಾಸಿವೆಕಾಳು, ಕಡಲೆಕಾಳು, ಎರಡೂ ಗಣೇಶ ಒಂದೇ ಬಂಡೆಯಲ್ಲಿ ಕಡೆದವು. ಗುಡ್ಡ ಅನ್ನುವುದಕ್ಕಿಂತ ಇದು ಹಾಸುಬಂಡೆಯ ಇಳಿಜಾರು. ಅಮ್ಮ ಅಪ್ಪನ ತೋಳು ಹಿಡಿದು, ನಾಲ್ಕು ಸಲ ಕೂತು ಎದ್ದು, ಮೇಲೆ ಬಂದೇಬಿಟ್ಟಳು. ಸೂರ್ಯ ಮುಳುಗುವವರೆಗೂ ಕೆಳಗಿನ ವಿರೂಪಾಕ್ಷನ ಗೋಪುರ ನೋಡ್ತಾ ಕೂತಿದ್ದಳು. ಪಕ್ಕದಲ್ಲಿ ಬ್ಯಾಗು ಇರಲಿಲ್ಲ. ಅದು ಭಾವನ ಹೆಗಲ ಮೇಲಿತ್ತು.

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊಳೆದಂಡೆ ದಾರಿ. ಹಂಪಿ ಬಜಾರಿನ ಪೂರ್ವ ತುದಿಯಿಂದ ಕೋದಂಡರಾಮ ದೇವಸ್ಥಾನ, ಸುಗ್ರೀವನ ಗುಹೆ, ತುಲಾಭಾರದ ಕಲ್ಲುಕಮಾನು ದಾಟಿ ವಿಠ್ಠಲ ದೇವಸ್ಥಾನಕ್ಕೆ ಸುಮಾರು 2 ಕಿ.ಮೀ. ಒಂದೆರಡು ಕಡೆ ಮೆಟ್ಟಿಲು ಬಿಟ್ಟರೆ ಹೆಚ್ಚುಕಮ್ಮಿ ಸಮತಟ್ಟು. ಈ ದಾರಿಯ ದೊಡ್ಡ ಅನುಕೂಲ ಅಂದ್ರೆ ವಾಪಸ್ ನಡೆಯಬೇಕಿಲ್ಲ. ವಿಠ್ಠಲದಿಂದ ಪಾರ್ಕಿಂಗ್‌ವರೆಗೆ ಬ್ಯಾಟರಿ ವಾಹನ, ಅಲ್ಲಿಂದ ಆಟೊ. ನಡೆಯಲಾಗದವರು ಆಟೊದಲ್ಲಿ ಸುತ್ತಿ ಬಂದು ಅಲ್ಲೇ ಸೇರಿಕೊಳ್ಳಬಹುದು. ಅಮ್ಮನಿಗೂ ಹಾಗೇ ಅಂತ ಲೆಕ್ಕ ಹಾಕಿದ್ದೆ. ಆಟೊ ಕರೆಯುವ ಹೊತ್ತಿಗೆ, ‘ಸ್ವಲ್ಪ ದೂರ ಬರ್ತೀನಿ, ಆಗದಿದ್ರೆ ನೋಡೋಣ’ ಅಂದಳು. ಕೋದಂಡರಾಮದಲ್ಲಿ ಒಮ್ಮೆ ಕೂತಳು, ಸುಗ್ರೀವನ ಗುಹೆ ಹತ್ತಿರ ಇನ್ನೊಮ್ಮೆ. ಬಂಡೆಯ ಮೇಲಿನ ಪಟ್ಟೆ ಸೀತೆಯ ಸೀರೆಯ ಗುರುತು ಅಂತ ಮೊಮ್ಮಗಳಿಗೆ ತೋರಿಸಿದವಳೂ ಅವಳೇ. ಬೇರೆಯವರು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ದಾರಿಗೆ ನಮಗೆ ಎರಡೂವರೆ ಗಂಟೆ ಹಿಡಿಯಿತು. ಯಾರಿಗೂ ಅದು ಜಾಸ್ತಿ ಅನಿಸಲಿಲ್ಲ. ಆ ಹೊತ್ತಿಗೆ ಪುಟ್ಟಿ ಆನೆ, ಕಪ್ಪೆ, ಇಡ್ಲಿ ಆಕಾರದ ಕಲ್ಲುಗಳನ್ನೆಲ್ಲ ಹುಡುಕಿ ಮುಗಿಸಿದ್ದಳು.

ಮಾತಂಗ ಬೆಟ್ಟ ಬೇಡವೇ ಅಂತ ನೀವು ಕೇಳಬಹುದು. ಸೂರ್ಯೋದಯಕ್ಕೆ ಅದರಂಥ ಜಾಗ ಇಲ್ಲ, ನಿಜ. ಆದರೆ ಮೆಟ್ಟಿಲು ಕಡಿದು, ಕೆಲವೆಡೆ ಪಕ್ಕಕ್ಕೆ ತಡೆಯಿಲ್ಲ. ಚಿಕ್ಕಮಕ್ಕಳು ಇರುವಾಗ ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಹೊರಡುವ ಮುನ್ನ ಕೆಲವು ಮಾತು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೇ ಕಾಲ. ತಲೆಗೆ ಒಂದರಂತೆ ನೀರಿನ ಬಾಟಲಿ, ಜಾರದ ಶೂ ಇರಲಿ. ಮಳೆ ಬಿದ್ದ ಬಂಡೆ ಹತ್ತಬೇಡಿ. ತಿಂಡಿಯ ಕವರ್ ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು. ವಿಠ್ಠಲದ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತೆ, ಬಿಸಾಡಬೇಡಿ.

ವಾಪಸ್ ಬರುವಾಗ ಕಮಲಾಪುರದ ರಸ್ತೆಯಲ್ಲಿ ಅಕ್ಕ-ತಂಗಿ ಗುಂಡು ಹತ್ತಿರ ಎರಡು ನಿಮಿಷ ನಿಲ್ಲಿ. ಒಂದಕ್ಕೊಂದು ಒರಗಿ ನಿಂತ ಈ ಜೋಡಿಬಂಡೆಗಳಲ್ಲಿ ಒಂದರ ಭಾಗ ಕೆಲವು ವರ್ಷಗಳ ಹಿಂದೆ ಒಡೆದು ಬಿದ್ದಿದೆ. ಕೋಟ್ಯಂತರ ವರ್ಷ ನಿಂತ ಕಲ್ಲಿಗೂ ಬೀಳುವ ದಿನ ಬರುತ್ತೆ. ಅಪ್ಪ-ಅಮ್ಮನ ಕಾಲು ನಡೆಯುವಷ್ಟು ದಿನ ನಮ್ಮ ಕೈಯಲ್ಲಿವೆ. ರಜೆ ಹಾಕಿ, ಟಿಕೆಟ್ ಬುಕ್ ಮಾಡಿ.