ನಾಲ್ಕನೆಯ ಗುರುವಾರ

ನಮ್ಮ ಹಿರಿಯಣ್ಣನವರು ಮೂವತ್ತು ವರ್ಷ ಬೀಡಿ ಸೇದಿದವರು. ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ ಮೂರು ಗುರುವಾರ ತಪ್ಪದೆ ಹೋಗಿಬಂದರು. ಬಿಟ್ಟ ಮೊದಲ ದಿನಗಳ ಸಿಡುಕು, ನಿದ್ರಾಹೀನತೆಗಳನ್ನೂ ದಾಟಿದರು. ಅಷ್ಟರಲ್ಲಿ ಬೀಗರ ಮನೆಯ ಮದುವೆಯಲ್ಲಿ, ಊಟವಾದ ಮೇಲೆ, ಹಳೆಯ ಗೆಳೆಯರ ನಡುವೆ ಒಂದು ಬೀಡಿ ಹೊತ್ತಿಸಿಬಿಟ್ಟರು. ನಾಲ್ಕನೆಯ ಗುರುವಾರ "ಯಾವ ಮುಖ ಹೊತ್ತು ಹೋಗಲಿ?" ಎಂದು ಮನೆಯಲ್ಲಿಯೇ ಉಳಿದರು. ತಪ್ಪು ನಮ್ಮದೂ ಇತ್ತು, "ಇಷ್ಟೇ ಏನು ನಿಮ್ಮ ಛಲ?" ಎಂದು ಚುಚ್ಚಿದವರು ನಾವೇ.

ಅತ್ತಿಗೆಯವರು ಬಿಡಲಿಲ್ಲ, ಮುಂದಿನ ವಾರ ತಾವೇ ಜೊತೆಗೆ ಹೊರಟರು. ಅಲ್ಲಿನ ಸಮಾಲೋಚಕಿ ಬೈಯಲಿಲ್ಲವಂತೆ. ಯಾವ ಹೊತ್ತು, ಪಕ್ಕದಲ್ಲಿ ಯಾರಿದ್ದರು, ಊಟದ ನಂತರ ಬಾಯಿಗೆ ಬೇರೇನು ಹಾಕಿಕೊಳ್ಳಬಹುದಿತ್ತು ಎಂದಷ್ಟೇ ವಿಚಾರಿಸಿದರಂತೆ. ಬಹುಮಂದಿ ಪೂರ್ಣವಾಗಿ ಬಿಡುವ ಮೊದಲು ಹಲವು ಸಲ ಜಾರುತ್ತಾರೆ, ಜಾರಿದ ವಾರದಲ್ಲಿಯೇ ಕೇಂದ್ರದ ಅಗತ್ಯ ಹೆಚ್ಚು ಎಂಬುದು ನಮಗೆ ಆಗ ತಿಳಿಯಿತು.

ದೂರದ ಹಳ್ಳಿಗಳ ಬಂಧುಗಳಿಗೆ 1800-11-2356 ಎಂಬ ಉಚಿತ ದೂರವಾಣಿಯುಂಟು. 2016ರಲ್ಲಿ ಆರಂಭವಾದ ಈ ಸೇವೆಯ ಸಂಖ್ಯೆ 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚಾಗುತ್ತಿದೆ. ಅಣ್ಣನವರು ನಾಳೆ ಹನ್ನೊಂದನೆಯ ಸಲ ಹೊರಟಿದ್ದಾರೆ. ಜೇಬಿನಲ್ಲಿ ಲವಂಗ, ಸೋಂಪಿನ ಪೊಟ್ಟಣ.